ಶೆಟ್ರ ಹಟ್ಟಿಯಲ್ಲಿ ಕಮಲಕ್ಕನ ನಾಯಿ

ನನಗೆ ಪ್ರಾಣಿಗಳ ಮೇಲೆ ವಿಶೇಷವಾದ ಪ್ರೀತಿಯೇನೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಕಡಬದ ಆಸುಪಾಸಿನಲ್ಲಿ ನನಗೆ 'ನಾಯಿ ಟೀಚರ್' ಎಂಬ ಹೆಸರು ಬಿದ್ದು ಎಷ್ಟೋ ವರ್ಷಗಳಾದವು, ಹೆಸರಿಟ್ಟವರೆಲ್ಲ ನನ್ನ ಮನಸ್ಸು ಬೆಣ್ಣೆ ಎಂದೇ ನಂಬಿದ್ದಾರೆ. ನನ್ನ ಮನಸ್ಸು ಎಂಥದ್ದು ಎಂಬುದನ್ನು ಹದಿನಾರರ ಮಗ್ಗಿಯಲ್ಲಿ ತಪ್ಪಿಬಿದ್ದ ನನ್ನ ಶಿಷ್ಯರನ್ನು ಕೇಳಬೇಕು. ನನ್ನಲ್ಲಿದ್ದದ್ದು ಹಟ. ಯಾರಾದರೂ 'ಬೇಡ' ಎಂದರೆ ಸಾಕು, ಅದನ್ನು ಮಾಡದೆ ನನಗೆ ಊಟ ಸೇರುವುದಿಲ್ಲ. ಸಣ್ಣವಳಿದ್ದಾಗ ಹುಣಸೆಹುಳಿ ತಿನ್ನಬೇಡ ಎಂದದ್ದಕ್ಕೆ ಭರಣಿಯ ಅರ್ಧ ಖಾಲಿ ಮಾಡಿ, ಮೂರು ದಿನ ಹಲ್ಲು ಜುಮ್ಮೆನ್ನುತ್ತಿದ್ದರೂ ಎಲ್ಲರ ಎದುರು ಕಬ್ಬು ಸಿಗಿದು ತೋರಿಸಿದವಳು ನಾನು. ಟೀಚರ್ ಆಗಬೇಡ ಎಂದರು, ಆದೆ. ಹೊಳೆಯಾಚೆಯ ಶಾಲೆಗೆ ಹೋಗಬೇಡ ಎಂದರು, ಹೋದೆ. ಕಡಬದ ಸೊಸೈಟಿಯಲ್ಲಿ ಗುಮಾಸ್ತರಾಗಿದ್ದ ನನ್ನ ಯಜಮಾನರು ಮದುವೆಯಾದ ಒಂದೇ ತಿಂಗಳಲ್ಲಿ ಇದನ್ನು ಪತ್ತೆಹಚ್ಚಿ, ತಮಗೆ ಬೇಡವಾದ್ದಕ್ಕೆಲ್ಲ 'ಆಗಬಹುದು' ಎನ್ನಲು ಶುರುಮಾಡಿದರು. ಅಷ್ಟು ಬುದ್ಧಿ ಊರಿನ ಉಳಿದವರಿಗೂ ಇದ್ದಿದ್ದರೆ ನಮ್ಮ ಮನೆಗೆ ಒಂದು ಬೆಕ್ಕಿನ ಮರಿಯೂ ಬರುತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲವದು. ನಮ್ಮ ಊರಿಗೂ ಕಡಬಕ್ಕೂ ನಡುವೆ ಕುಮಾರಧಾರೆ, ಸೇತುವೆ ಇಲ್ಲ, ಮೊಯ್ದುಕಾಕನ ದೋಣಿಯೇ ಗತಿ. ದೋಣಿ ಬಂದು ನಿಲ್ಲುವ ಕಡವಿನಿಂದ ನೂರು ಹೆಜ್ಜೆ ಮೇಲೆ ನಮ್ಮ ಬಾಡಿಗೆ ಮನೆ. ಈ ನೂರು ಹೆಜ್ಜೆಯೇ ನನ್ನ ಗ್ರಹಚಾರ. ನಮ್ಮ ಕಡೆ ಬೇಡದ ಬೆಕ್ಕನ್ನು ಗೋಣಿಯಲ್ಲಿ ಹಾಕಿ ಹೊಳೆ ದಾಟಿಸಿ ಬಿಡುವುದು ಕ್ರಮ; ನೀರು ದಾಟಿದ ಬೆಕ್ಕಿಗೆ ವಾಪಸು ಬರುವ ದಾರಿ ತಿಳಿಯುವುದಿಲ್ಲ ಎಂದು ನಂಬಿಕೆ. ಆಚೆ ದಡದವರು ತಮ್ಮ ಬೆಕ್ಕನ್ನು ಈಚೆಗೆ ತರುತ್ತಿದ್ದರು, ಈಚೆಯವರು ತಮ್ಮದನ್ನು ಆಚೆಗೆ ಒಯ್ಯುತ್ತಿದ್ದರು. ಕೆಲವು ಸಲ ಎರಡೂ ಗೋಣಿಗಳು ಕಡವಿನಲ್ಲಿ ಎದುರುಬದುರಾಗುತ್ತಿದ್ದವು, ಹಿಡಿದವರು ಮಾತ್ರ ಒಬ್ಬರನ್ನೊಬ್ಬರು ನೋಡದ ಹಾಗೆ ಮುಖ ತಿರುಗಿಸಿಕೊಳ್ಳುತ್ತಿದ್ದರು. ಮೊಯ್ದುಕಾಕ ಮೇಲೆ ನೋಡಿ ಕೂಗುತ್ತಿದ್ದ, "ಟೀಚರೇ, ಇವತ್ತು ಮೂರು ಇಳಿದದ್ದುಂಟು. ಒಂದು ಇನ್ನೂ ಕಣ್ಣು ಬಿಡ್ಲಿಲ್ಲ ಮಾರಾಯ್ರೆ!" ಮೊದಲ ಸಲ ಪಕ್ಕದ ಮನೆಯವರು "ಅದನ್ನು ಒಳಗೆ ತರ್ಬೇಡಿ ಟೀಚರ್, ಮತ್ತೆ ಅಭ್ಯಾಸ ಆಗ್ತದೆ" ಎಂದರು. ಬೇಡ ಎಂದದ್ದು ಅವರದೇ ತಪ್ಪು. ಮತ್ತೆ ಬೆಕ್ಕುಗಳ ಹಿಂದೆ ಲಾರಿ ತಾಗಿದ ನಾಯಿಗಳು ಬಂದವು, ರೆಕ್ಕೆ ಮುರಿದ ಕಾಗೆಯೊಂದು ಬಂತು, ಗುಣವಾದದ್ದಕ್ಕೆಲ್ಲ ನಾನೇ ಮನೆ ಹುಡುಕಿದೆ. ಮಗುವನ್ನು ಒಂದನೇ ಕ್ಲಾಸಿಗೆ ಸೇರಿಸಲು ಬಂದವರು ಹೋಗುವಾಗ ಒಂದು ಬೆಕ್ಕಿನ ಮರಿ ಹಿಡಿದುಕೊಂಡು ಹೋಗುವುದು ನಮ್ಮ ಶಾಲೆಯ ಪದ್ಧತಿಯೇ ಆಗಿಹೋಯಿತು.

ಜನ ಮಾತಾಡದೆ ಇರುತ್ತಾರೆಯೇ? ಮಕ್ಕಳಿಲ್ಲದ ಕೊರಗಿಗೆ ಟೀಚರ್ ಹೀಗೆ ಮಾಡುತ್ತಾರೆ ಎಂದರು. ಶಾಲೆಯಲ್ಲಿ ನೂರಿಪ್ಪತ್ತು ಮಕ್ಕಳ ಮೂಗು ಒರೆಸುವವಳಿಗೆ ಕೊರಗಲು ಪುರುಸೊತ್ತು ಎಲ್ಲಿಂದ ಬರಬೇಕು? ಕಾಲು ಬಾತ ಬೆಕ್ಕೊಂದನ್ನು ಬುಟ್ಟಿಯಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋದೆ. ಅಲ್ಲಿನ ರಿಜಿಸ್ಟರಿನಲ್ಲಿ ದನ, ಎಮ್ಮೆ, ಕರು ಎಂದು ಮೂರೇ ಕಾಲಂ. ಬರೆಯುವವರು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಬಹಳ ಹೊತ್ತು ಯೋಚಿಸಿದರು. "ಬೆಕ್ಕಿಗೆ ಮದ್ದು ಕೊಡುದು ಬೇಡ ಅಂತ ನಾನು ಹೇಳುದಲ್ಲ ಟೀಚರ್. ಬರೆಯುದು ಎಲ್ಲಿ?" ಕೊನೆಗೆ ನಾನೇ ಪೆನ್ನು ತೆಗೆದುಕೊಂಡು ಕರುವಿನ ಕಾಲಂನಲ್ಲಿ 'ಬಹಳ ಸಣ್ಣದು' ಎಂದು ಬರೆದೆ. ಮದ್ದು ಸಿಕ್ಕಿತು. ಆ ವರ್ಷ ನಮ್ಮ ಊರಿನಲ್ಲಿ ಕರುಗಳ ಸಂಖ್ಯೆ ಸರಕಾರದ ಲೆಕ್ಕದಲ್ಲಿ ಚೆನ್ನಾಗಿ ಏರಿರಬೇಕು.

ಇನ್ನು ಮನೆಯ ಧಣಿ ಶೆಟ್ರ ವಿಷಯ. ಅದು ಡಿಕ್ಲರೇಶನ್ ಕಾಲ. ಗೇಣಿಗೆ ಗದ್ದೆ ಮಾಡುತ್ತಿದ್ದವರು 'ಇದು ನನ್ನ ಅನುಭೋಗದಲ್ಲಿ ಉಂಟು' ಎಂದು ಸರಕಾರಕ್ಕೆ ಬರೆದುಕೊಟ್ಟರೆ ಗದ್ದೆ ಅವರದ್ದೇ ಆಗುತ್ತಿತ್ತು. ಆಗಬೇಕಾದದ್ದೇ, ನಾನು ಬೇಡ ಎನ್ನುವವಳಲ್ಲ. ಆದರೆ ಶೆಟ್ರ ಗದ್ದೆಗಳೆಲ್ಲ ಹಾಗೆ ಹೋಗಿ, ಉಳಿದದ್ದು ಅವರು ಇರುವ ಮನೆ, ಒಂದು ಗೇರುಗುಡ್ಡೆ, ನಮ್ಮ ಬಾಡಿಗೆ ಮನೆ ಮತ್ತು ಅದರ ಹಿಂದಿನ ಹಳೆಯ ದನದ ಹಟ್ಟಿ. ಅಂದಿನಿಂದ ಅವರಿಗೆ ಯಾರು ಎಲ್ಲಿ ಕೂತರೂ ಡಿಕ್ಲರೇಶನ್ನೇ ಕಾಣುತ್ತಿತ್ತು. ಅವರ ಜಗಲಿಯಲ್ಲಿ ಒಬ್ಬರು ಎರಡು ದಿನ ಒಂದೇ ಜಾಗದಲ್ಲಿ ಕೂರುವ ಹಾಗಿರಲಿಲ್ಲ. "ಈಚೆ ಬನ್ನಿ, ಇಲ್ಲಿ ಗಾಳಿ ಉಂಟು" ಎಂದು ಎಬ್ಬಿಸುತ್ತಿದ್ದರು. ಪುತ್ತೂರಿನ ಕೋರ್ಟಿನ ಜಗಲಿಯಲ್ಲಿ ಯಾರೋ ಅವರಿಗೆ, ಅನುಭೋಗ ಮಧ್ಯದಲ್ಲಿ ತುಂಡಾದರೆ ಹಕ್ಕು ಬರುವುದಿಲ್ಲ ಎಂದು ಹೇಳಿದ್ದರಂತೆ. ಆದ್ದರಿಂದ ಪ್ರತಿ ವರ್ಷ ಬೇಸಗೆ ರಜೆಯಲ್ಲಿ ಒಂದು ದಿನ ನಾವು ಪಾತ್ರೆಪಗಡಿಯೊಂದಿಗೆ ಅಂಗಳಕ್ಕೆ ಇಳಿಯಬೇಕು. ಶೆಟ್ರು ಒಂದು ಕುರ್ಚಿ ಹಿಡಿದುಕೊಂಡು ಒಳಗೆ ಹೋಗಿ, ಬಾಗಿಲು ಹಾಕಿ, ಸಂಜೆಯವರೆಗೆ ಖಾಲಿ ಮನೆಯಲ್ಲಿ ಕೂತು ನಮ್ಮ ಅನುಭೋಗವನ್ನು ತುಂಡು ಮಾಡಿ ಹೊರಗೆ ಬರುತ್ತಿದ್ದರು. ಮಧ್ಯಾಹ್ನದ ಊಟವನ್ನು ಕಿಟಕಿಯಿಂದ ನಾನೇ ಕೊಡುತ್ತಿದ್ದೆ.

ಹೀಗಿರುವಾಗ ಕಮಲಕ್ಕನ ಸಮಾಚಾರ ಬಂತು. ಕಮಲಕ್ಕ ಕಡವಿನ ಹತ್ತಿರದ ಸಣ್ಣ ಮನೆಯಲ್ಲಿ ಬೀಡಿ ಕಟ್ಟಿ ಬದುಕುತ್ತಿದ್ದ ಒಂಟಿ ಹೆಂಗಸು. ಗಂಡ ತೀರಿಹೋಗಿದ್ದ, ಒಬ್ಬಳೇ ಮಗಳು ಮದುವೆಯಾಗಿ ಘಟ್ಟದ ಮೇಲೆ ಇದ್ದಳು. ಜೊತೆಗಿದ್ದದ್ದು ಬೊಳ್ಳು ಎಂಬ ನಾಯಿ. ಬೊಳ್ಳು ಎಂದರೆ ತುಳುವಿನಲ್ಲಿ ಬಿಳಿ. ನಾಯಿಯ ಬಣ್ಣ ಮಾತ್ರ ಕಾಫಿಪುಡಿಯದ್ದು. ಕಮಲಕ್ಕನ ಹೊಟ್ಟೆಯಲ್ಲಿ ಗಡ್ಡೆ ಇದೆ, ಪುತ್ತೂರಿಗೆ ಹೋಗಿ ಆಪರೇಷನ್ ಮಾಡಿಸಿಕೊಳ್ಳಲೇಬೇಕು, ಇನ್ನೊಂದು ಮಳೆಗಾಲ ಕಾದರೆ ಜೀವಕ್ಕೆ ಭರವಸೆ ಇಲ್ಲ ಎಂದು ಡಾಕ್ಟರು ಹೇಳಿ ಆರು ತಿಂಗಳಾಗಿತ್ತು. ಕಮಲಕ್ಕ ಹೋಗಿರಲಿಲ್ಲ. ನಾನು ಬೈಯಲೆಂದೇ ಅವಳ ಮನೆಗೆ ಹೋದೆ. ಬೀಡಿ ಎಲೆ ಹರಡಿದ ಮೊರವನ್ನು, ನಮ್ಮ ಕಡೆಯ ತಡ್ಪೆಯನ್ನು, ಮಡಿಲಲ್ಲಿಟ್ಟುಕೊಂಡು ತಲೆ ಎತ್ತದೆ ಅವಳು ಹೇಳಿದಳು, "ನಾನು ಹೋದ್ರೆ ಇದನ್ನು ಯಾರು ನೋಡುದು ಟೀಚರೇ? ನನ್ನ ಕೈಯಿಂದ ಬಿಟ್ರೆ ಇದು ತಿನ್ನುದಿಲ್ಲ. ಊರಿನವರು ಎಲ್ಲ ಹೇಳುದು, ಒಂದು ನಾಯಿಗೋಸ್ಕರ ಸಾಯ್ತೀಯಾ ಅಂತ. ನಾಯಿಗೋಸ್ಕರ ಅಲ್ಲ ಅಂತ ಹೇಗೆ ಹೇಳುದು? ನಾಯಿಗೋಸ್ಕರವೇ." ನನಗೆ ಬೈಗುಳ ಮರೆತುಹೋಯಿತು. "ಬೊಳ್ಳುವನ್ನು ನಾನು ನೋಡಿಕೊಳ್ತೇನೆ. ನೀವು ವಾಪಸು ಬಂದ ದಿನ ನಿಮ್ಮ ನಾಯಿ ನಿಮ್ಮ ಕೈಗೆ. ಮಾತು ಕೊಟ್ಟೆ" ಎಂದೆ. ಕಮಲಕ್ಕ ತಡ್ಪೆ ಬದಿಗಿಟ್ಟು ಮೊದಲ ಸಲ ನನ್ನ ಮುಖ ನೋಡಿದಳು. ಮರುದಿನ ಬೆಳಿಗ್ಗೆ ಮೊಯ್ದುಕಾಕನ ದೋಣಿಯಲ್ಲಿ ಹೊರಟಳು.

ಮನೆಯೊಳಗೆ ಐದು ಬೆಕ್ಕುಗಳಿದ್ದವು, ಬೊಳ್ಳುವಿಗೆ ಬೆಕ್ಕು ಕಂಡರಾಗದು. ಹಾಗಾಗಿ ಅದನ್ನು ಹಿಂದಿನ ಖಾಲಿ ಹಟ್ಟಿಯಲ್ಲಿ ಕಟ್ಟಿದೆ. ಎರಡನೆಯ ದಿನವೇ ಶೆಟ್ರು ಬಂದರು. ಹಟ್ಟಿಯ ಬಾಗಿಲಿಗೆ ಕೈಹಾಕಿದರು. ಬೊಳ್ಳು ಊರಿಗೆಲ್ಲ ಕೇಳುವಂತೆ ಬೊಗಳಿತು. ಶೆಟ್ರು ಬೆವರಿಕೊಂಡು ನನ್ನ ಅಡುಗೆಮನೆಯ ಬಾಗಿಲಿಗೇ ಬಂದರು.

"ಟೀಚರ್, ಇದು ಆಗುದಿಲ್ಲ. ನೀವು ಬೆಕ್ಕು ಸಾಕಿದ್ರಿ, ನಾನು ಮಾತಾಡಿದ್ದುಂಟಾ? ಬೆಕ್ಕು ಯಾರ ಅನುಭೋಗಕ್ಕೂ ಸೇರುದಿಲ್ಲ. ನಾಯಿ ಹಾಗಲ್ಲ. ನಾಯಿ ಕಾಯ್ತದೆ. ನನ್ನ ಹಟ್ಟಿಗೆ ನಾನು ಬಂದ್ರೆ ಅದು ನನಗೇ ಬೊಗಳಿತು. ಬೊಗಳಿದ್ದನ್ನು ಗ್ರಾಮ ಕಚೇರಿಯ ಉಗ್ರಾಣಿ ದಾರಿಯಲ್ಲಿ ನಿಂತು ಕೇಳಿದ್ದಾನೆ. ನಾಳೆ ಅವ ಹೋಗಿ ಅಲ್ಲಿ, ಶೆಟ್ರಿಗೆ ಆ ಹಟ್ಟಿಗೆ ಪ್ರವೇಶ ಇಲ್ಲ ಅಂತ ಸಾಕ್ಷಿ ಹೇಳಿದ್ರೆ ನನ್ನ ಗತಿ ಎಂತ?"

"ನಿಮ್ಮ ಹಟ್ಟಿ ನನಗೆ ಎಂತಕ್ಕೆ ಶೆಟ್ರೆ? ನಾನು ದನ ಕಟ್ಟುದಾ?"

"ಎಲ್ಲರೂ ಮೊದಲು ಹಾಗೇ ಹೇಳಿದ್ದು. ಆದಿತ್ಯವಾರದ ಒಳಗೆ ನಾಯಿ ಹೋಗ್ಬೇಕು. ಇಲ್ಲದಿದ್ರೆ ಮನೆಯೂ ಬಿಡಿ."

ಯಜಮಾನರು ಪೇಪರಿನ ಹಿಂದಿನಿಂದ "ಆಗಬಹುದು" ಎಂದರು. ಯಾರಿಗೆ ಹೇಳಿದರೋ ಅವರಿಗೇ ಗೊತ್ತು. ನಾನು ಮಾತ್ರ ಸೌಟು ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ, "ಕಮಲಕ್ಕ ಆಸ್ಪತ್ರೆಯಲ್ಲಿ ಮಲಗಿದ್ದಾಳೆ. ಅವಳು ಎದ್ದು ಬರುವವರೆಗೆ ನಾಯಿ ಅಲ್ಲೇ ಇರ್ತದೆ. ಬೇಕಾದ್ರೆ ಪೊಲೀಸರನ್ನು ಕರ್ಕೊಂಡು ಬನ್ನಿ. ಅವರಿಗೂ ಅದು ಬೊಗಳ್ತದೆ." ಶೆಟ್ರು ಕೊಡೆ ಕಂಕುಳಲ್ಲಿಟ್ಟುಕೊಂಡು ಹೊರಟುಹೋದರು.

ಧೈರ್ಯವಾಗಿ ಹೇಳಿದ್ದು ನಿಜ. ಆದರೆ ಆಗ ನನಗೆ ಶೆಟ್ರಿಗಿಂತ ದೊಡ್ಡ ಹೆದರಿಕೆ ಬೇರೆಯೇ ಇತ್ತು. ಬೊಳ್ಳು ಒಂದು ತುತ್ತು ತಿಂದಿರಲಿಲ್ಲ. ಗಂಜಿ ಇಟ್ಟೆ, ಮುಖ ತಿರುಗಿಸಿತು. ಬಂಗುಡೆಯ ತಲೆ ಬೇಯಿಸಿ ಇಟ್ಟೆ, ಅದನ್ನು ಬೆಕ್ಕುಗಳು ತಿಂದವು. ಶಾಲೆಯಲ್ಲಿ ಇನ್‌ಸ್ಪೆಕ್ಟರು ಬಂದರೆ ಕೊಡಲು ಇಟ್ಟಿದ್ದ ಬಿಸ್ಕತ್ತನ್ನೂ ತಂದು ಇಟ್ಟು ನೋಡಿದೆ. ನಾಲ್ಕನೆಯ ದಿನ ಅದರ ಪಕ್ಕೆಲುಬು ಎಣಿಸಬಹುದಿತ್ತು. ಅತ್ತ ಪುತ್ತೂರಿನಿಂದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಮಲಕ್ಕ ಹೇಳಿಕಳಿಸಿದಳು, 'ಸೋಮವಾರ ಆಪರೇಷನ್ ಅಂತೆ. ಬೊಳ್ಳು ತಿನ್ನುದುಂಟಾ ಅಂತ ಟೀಚರ್ ಬರೆದು ತಿಳಿಸ್ಬೇಕು. ತಿನ್ನುದಿಲ್ಲ ಅಂತಾದ್ರೆ ನಾನು ಈಗಲೇ ಹೊರಟು ಬರ್ತೇನೆ.' ಅವಳು ಬರುವವಳೇ, ನನಗೆ ಗೊತ್ತಿತ್ತು. ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವ ನಾನು, ಹಟ್ಟಿಯ ಮೆಟ್ಟಲಲ್ಲಿ ಕೂತು, ಆ ಹಸಿದ ನಾಯಿಯ ಎದುರಿನಲ್ಲೇ ಇನ್‌ಲ್ಯಾಂಡ್ ಪತ್ರ ಬರೆದೆ: 'ಬೊಳ್ಳು ಎರಡು ಹೊತ್ತು ಹೊಟ್ಟೆ ತುಂಬ ತಿನ್ನುತ್ತದೆ. ಸ್ವಲ್ಪ ದಪ್ಪವಾಗಿದೆ. ನೀವು ಧೈರ್ಯದಿಂದ ಇರಿ.' ಬರೆದು ಅಂಟಿಸಿ ಆಗಲೇ ಟಪಾಲಿಗೆ ಹಾಕಿದೆ. ಆ ನಾಯಿ ಸತ್ತರೆ ನಾನು ಆ ಹೆಂಗಸಿಗೆ ಯಾವ ಮುಖ ತೋರಿಸುವುದು?

ಆದಿತ್ಯವಾರ ಬೆಳಿಗ್ಗೆ ಶೆಟ್ರು ಪೊಲೀಸರನ್ನು ಕರೆದುಕೊಂಡು ಬರಲಿಲ್ಲ, ಕುರ್ಚಿ ಹಿಡಿದುಕೊಂಡು ಬಂದರು. ರಾತ್ರಿಯಿಡೀ ಯೋಚಿಸಿ ಉಪಾಯ ಕಂಡುಕೊಂಡಿದ್ದರಂತೆ: ನಾಯಿ ಬೇಕಾದರೆ ಇರಲಿ, ಸಂಜೆಯವರೆಗೆ ತಾವು ಹಟ್ಟಿಯೊಳಗೆ ಕೂತು ಅದರ ಅನುಭೋಗವನ್ನು ತುಂಡು ಮಾಡುತ್ತಾರೆ. ಹೋಗಿ ಕೂರಿ ಎಂದೆ. ಉಪವಾಸದ ಸುಸ್ತಿಗೆ ಬೊಳ್ಳು ಈ ಸಲ ಬೊಗಳಲೂ ಇಲ್ಲ. ಶೆಟ್ರು ಅದರಿಂದ ಎರಡು ಮಾರು ದೂರದಲ್ಲಿ ಕುರ್ಚಿ ಹಾಕಿ, ಬೀಡಿಯ ಕಟ್ಟು ಬಿಚ್ಚಿ, ಒಂದನ್ನು ಅಂಗೈಯಲ್ಲಿ ಹೊಸಕಿ ಹದ ಮಾಡಿದರು. ಬೊಳ್ಳು ತಲೆ ಎತ್ತಿತು. ಮೂಗು ಅರಳಿಸಿತು. ಹಗ್ಗ ಎಳೆದುಕೊಂಡು ಹತ್ತಿರ ಹೋಗಿ ಶೆಟ್ರ ಅಂಗೈಯನ್ನು ಮೂಸಿ ಮೂಸಿ ನೆಕ್ಕತೊಡಗಿತು. "ಅಯ್ಯೋ, ಕಚ್ಚುದಾ ಇದು?" ಎಂದು ಅವರು ಕಾಲು ಮೇಲೆತ್ತಿಕೊಂಡರು. ನನಗೆ ಆಗ ಹೊಳೆಯಿತು. ಕಮಲಕ್ಕನ ಕೈ! ಹುಟ್ಟಿದಾಗಿನಿಂದ ಬೊಳ್ಳು ತಿಂದ ಪ್ರತಿಯೊಂದು ತುತ್ತಿಗೂ ಹೊಗೆಸೊಪ್ಪಿನ ವಾಸನೆ ಇತ್ತು. ಅನ್ನದ ಬಟ್ಟಲನ್ನು ಓಡಿಹೋಗಿ ತಂದು ಶೆಟ್ರ ಕೈಗೆ ಕೊಟ್ಟು "ಒಂದು ಉಂಡೆ ಕೊಡಿ" ಎಂದೆ. "ನಾನಾ? ನಾಯಿಗಾ?" ಎಂದರು. "ಶೆಟ್ರೆ, ಕೊಡಿ!" ಎಂದು ಮೂರನೇ ಕ್ಲಾಸಿನ ದನಿಯಲ್ಲಿ ಹೇಳಿದೆ. ಕೊಟ್ಟರು. ಬೊಳ್ಳು ತಿಂದಿತು. ಬಟ್ಟಲು ಖಾಲಿಯಾಗುವವರೆಗೆ ತಿಂದಿತು. ನನಗೆ ಸಂತೋಷಕ್ಕೆ ಅಳು ಬಂತು. ಅದರ ಹಿಂದೆಯೇ ಹೊಟ್ಟೆಕಿಚ್ಚೂ ಬಂತು. ಊರನ್ನೆಲ್ಲ ಎದುರು ಹಾಕಿಕೊಂಡವಳು ನಾನು, ತಿನ್ನುವುದು ಶೆಟ್ರ ಕೈಯಿಂದ!

ಆಮೇಲೆ ಶೆಟ್ರು ದಿನವೂ ಬರತೊಡಗಿದರು. "ಒಂದು ದಿನ ತುಂಡು ಮಾಡಿದ್ರೆ ಸಾಲ್ದು ಟೀಚರ್, ನಾಯಿಯ ವಿಷಯದಲ್ಲಿ ಕಾನೂನು ಎಂತ ಹೇಳ್ತದೆ ಅಂತ ಯಾರಿಗೂ ಗೊತ್ತಿಲ್ಲ" ಎನ್ನುತ್ತಿದ್ದರು. ಬರುವಾಗ ಬಾಳೆಲೆಯಲ್ಲಿ ಸುತ್ತಿದ ಮೀನಿನ ತುಂಡು ಇರುತ್ತಿತ್ತು. ಸೋಲು ಒಪ್ಪುವವಳು ನಾನಲ್ಲ. ಕಮಲಕ್ಕನ ಮನೆಯಿಂದ ಬೀಡಿಯ ಪುಡಿ ತಂದು ಅಡುಗೆಮನೆಯಲ್ಲಿ ಇಟ್ಟುಕೊಂಡು, ಬೆಳಿಗ್ಗೆ ಸಂಜೆ ಎರಡೂ ಕೈಗೆ ತಿಕ್ಕಿಕೊಂಡು ಬೊಳ್ಳುವಿಗೆ ಅನ್ನ ಕೊಡಲು ಶುರುಮಾಡಿದೆ. ಮೂರೇ ದಿನದಲ್ಲಿ ನನ್ನ ಕೈಯಿಂದಲೂ ತಿಂದಿತು. ಆದರೆ ಆ ವಾಸನೆ ಸಾಬೂನಿಗೆ ಹೋಗುವುದಲ್ಲ. ಸ್ಲೇಟು ತಿದ್ದಿಸಿಕೊಳ್ಳಲು ಬಂದ ಮಕ್ಕಳು ಮನೆಗೆ ಹೋಗಿ, "ನಮ್ಮ ಟೀಚರ್ ಬೀಡಿ ಎಳೆಯುದು" ಎಂದು ಹೇಳಿದವು. ಹೆಡ್‌ಮಾಸ್ತರರು ನನ್ನನ್ನು ಕರೆದು, ಕಿಟಕಿಯ ಹೊರಗೆ ನೋಡುತ್ತ, "ಹೀಗೊಂದು ಮಾತು ಉಂಟು ಟೀಚರ್. ನಾನು ನಂಬುದಿಲ್ಲ. ಆದ್ರೂ ಬಿಟ್ಟುಬಿಡುದು ಒಳ್ಳೆಯದು, ಬೇಡ" ಎಂದರು. ಬೇಡ ಎಂದರಲ್ಲ! ನಿಜ ಸಂಗತಿ ತುದಿನಾಲಿಗೆಯಲ್ಲಿತ್ತು. "ದಿನಕ್ಕೆ ಎರಡು ಸಲ ಸರ್, ಊಟದ ಹೊತ್ತಿಗೆ. ಬಿಡ್ಲಿಕ್ಕೆ ಆಗುದಿಲ್ಲ" ಎಂದು ಹೇಳಿ ಕ್ಲಾಸಿಗೆ ಹೋದೆ.

ಕಮಲಕ್ಕನ ಆಪರೇಷನ್ ಚೆನ್ನಾಗಿ ಆಯಿತು. ಒಂದೂವರೆ ತಿಂಗಳ ಮೇಲೆ ಬಡಕಲಾಗಿ, ಆದರೆ ಕಣ್ಣಿನಲ್ಲಿ ಜೀವ ತುಂಬಿಕೊಂಡು, ಮೊಯ್ದುಕಾಕನ ಕೈ ಹಿಡಿದುಕೊಂಡು ದೋಣಿಯಿಂದ ಇಳಿದು ನೇರ ನಮ್ಮಲ್ಲಿಗೆ ಬಂದಳು. ಬೊಳ್ಳುವಿನ ಕುಣಿತ ನೋಡಿ ನಾನು ಹೇಳಬೇಕಾದ ಮಾತು ಒಂದೇ ಇತ್ತು. ಅದರ ಬದಲು ನನ್ನ ಬಾಯಿಂದ ಬಂದದ್ದು, "ಈಗ ಕರ್ಕೊಂಡು ಹೋಗ್ಬೇಡಿ ಕಮಲಕ್ಕ. ಇದು ಮೈಮೇಲೆ ಹಾರ್ತದೆ. ಹೊಲಿಗೆ ಗಟ್ಟಿಯಾಗ್ಲಿ." ಸರಿಯಾದ ಮಾತೇ ಎಂದು ಅವಳು ತಲೆಯಾಡಿಸಿದಳು. ಮುಂದಿನ ವಾರ ಬಂದಾಗ, ನಾಯಿಗೆ ಉಣ್ಣಿ ಆಗಿದೆ, ಮದ್ದು ಹಚ್ಚುತ್ತಿದ್ದೇನೆ ಎಂದೆ. ಇದ್ದದ್ದು ಒಂದೇ ಉಣ್ಣಿ, ಅದನ್ನೂ ನಾನು ಹಿಂದಿನ ದಿನವೇ ಕಿತ್ತಿದ್ದೆ. ಅದರ ಮುಂದಿನ ವಾರ ಸಂಕ್ರಾಂತಿ ಕಳೆಯಲಿ ಎಂದೆ. ನಾಯಿಗೂ ಸಂಕ್ರಾಂತಿಗೂ ಏನು ಸಂಬಂಧ ಎಂದು ಅವಳು ಕೇಳಲಿಲ್ಲ. ಟೀಚರಿಗೆ ಎದುರು ಮಾತಾಡುವುದು ಅವಳಿಗೆ ಬರುತ್ತಿರಲಿಲ್ಲ. ಮರುದಿನದಿಂದ ಬೀಡಿ ಎಲೆಯ ತಡ್ಪೆಯನ್ನೇ ತಂದು, ಹಟ್ಟಿಯ ಬಾಗಿಲಲ್ಲಿ ಬೊಳ್ಳುವಿನ ಪಕ್ಕ ಕೂತು, ಬೆಳಿಗ್ಗೆಯಿಂದ ಸಂಜೆಯವರೆಗೆ ಬೀಡಿ ಕಟ್ಟಿ, ಕತ್ತಲಾಗುವ ಮೊದಲು ಒಬ್ಬಳೇ ಎದ್ದು ಮನೆಗೆ ಹೋಗುತ್ತಿದ್ದಳು. ಹೋಗುವಾಗ "ನಾಳೆ ಬರ್ತೇನೆ ಆಯ್ತಾ?" ಎನ್ನುತ್ತಿದ್ದಳು, ನನಗಲ್ಲ, ನಾಯಿಗೆ. ನಾನು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಜೋರಾಗಿ ಕುಕ್ಕುತ್ತಿದ್ದೆ.

ಹೀಗೆ ನಾಲ್ಕು ದಿನ ಕಳೆದು ಆದಿತ್ಯವಾರ ಬಂತು. ಶೆಟ್ರು ಕುರ್ಚಿ ಹಾಕಿಕೊಂಡು ಕೂತವರು ಕಮಲಕ್ಕನನ್ನು ನೋಡಿದರು, ಹಗ್ಗವನ್ನು ನೋಡಿದರು, ನನ್ನನ್ನು ನೋಡಿದರು.

"ಟೀಚರ್, ನಾಯಿ ಯಾರದ್ದು?"

"ಕಮಲಕ್ಕನದ್ದು."

"ಹಗ್ಗ ಯಾರ ಹತ್ತಿರ ಉಂಟು?"

ನಾನು ಸೆರಗಿಗೆ ಕೈ ಒರೆಸಿಕೊಂಡೆ.

"ನಾನು ಹೆದರಿದ್ದು ಇದಕ್ಕೇ" ಎಂದರು ಶೆಟ್ರು, ಬೀಡಿ ಹಚ್ಚುವುದನ್ನೂ ಮರೆತು. "ಯಾರೂ ಮೋಸ ಮಾಡ್ಬೇಕು ಅಂತ ಬರುದಿಲ್ಲ ಟೀಚರ್. ನಾಲ್ಕು ದಿನ ನೋಡಿಕೊಳ್ತಾರೆ, ಮತ್ತೆ ಬಿಟ್ಟುಕೊಡ್ಲಿಕ್ಕೆ ಮನಸ್ಸು ಬರುದಿಲ್ಲ. ನನ್ನ ಗದ್ದೆಯವರದ್ದೂ ತಪ್ಪಲ್ಲ, ನಿಮ್ಮದೂ ಅಲ್ಲ. ಆದ್ರೆ ಗದ್ದೆಗಾದ್ರೆ ಕಾನೂನು ಉಂಟು."

ಹಗ್ಗ ಬಿಚ್ಚಿ ಕಮಲಕ್ಕನ ಕೈಗೆ ಕೊಟ್ಟೆ. ಅವಳು ಅದನ್ನು ಕೆಳಗೆ ಹಾಕಿ, ತಡ್ಪೆಯನ್ನು ಸೊಂಟಕ್ಕೆ ಇಟ್ಟುಕೊಂಡು ನಡೆದಳು. ಹಗ್ಗ ಬೇಕಾಗಿಯೇ ಇರಲಿಲ್ಲ. ಬೊಳ್ಳು ಅವಳ ಹಿಂದೆ ಕಡವಿನ ದಾರಿಯಲ್ಲಿ ಇಳಿದುಹೋಯಿತು. ನನ್ನ ಕಡೆ ಒಂದು ಸಲ ತಿರುಗಿ ನೋಡೀತು ಎಂದು ನಾನು ನಿಂತೇ ಇದ್ದೆ. ನೋಡಲಿಲ್ಲ. ಶೆಟ್ರೂ ನಿಂತಿದ್ದರು, ಅವರ ಕಡೆಗೂ ನೋಡಲಿಲ್ಲ ಎಂಬುದಷ್ಟೇ ಸಮಾಧಾನ.

ಸ್ವಲ್ಪ ಹೊತ್ತಿನ ಮೇಲೆ ಶೆಟ್ರು ಕುರ್ಚಿ ಮಡಚಿ, ಜೇಬಿನಿಂದ ಬೀಗ ತೆಗೆದು, "ಇನ್ನು ಹಟ್ಟಿಗೆ ಬೀಗ ಹಾಕ್ತೇನೆ ಆಗದಾ?" ಎಂದರು. "ಬೇಡ" ಎಂದೆ. "ಅದು ನನ್ನ ಅನುಭೋಗದಲ್ಲಿ ಉಂಟು" ಎಂದೂ ಸೇರಿಸಿದೆ. ಖಾಲಿ ಹಟ್ಟಿ ನಿಮಗೆ ಎಂತಕ್ಕೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳಲು ನನ್ನಲ್ಲಿ ಏನೂ ಇರಲಿಲ್ಲ, ಎರಡೂ ಕೈಯಲ್ಲಿ ಹೊಗೆಸೊಪ್ಪಿನ ವಾಸನೆ ಬಿಟ್ಟರೆ.